ಮಿಟುಕದ ಪುಟಕ್ಕೆ ನಲವತ್ತೊಂದು ಅರ್ಜಿ

ಬಸ್ಸಿನಲ್ಲಿ ಜನ ಮರೆತು ಇಳಿದುಹೋದ ಸಾಮಾನುಗಳನ್ನು ತಂದು ಜೋಡಿಸಿಡುವ ಕಚೇರಿಯೊಂದು ಬಸ್ ಡಿಪೋದಲ್ಲಿತ್ತು. ಅಲ್ಲಿ ಛತ್ರಿಗಳಿಗೆ ಒಂದು ಇಡೀ ಗೋಡೆ, ಕನ್ನಡಕಗಳಿಗೆ ಎರಡು ಡ್ರಾಯರು, ಒಂಟಿ ಚಪ್ಪಲಿಗಳಿಗೆ ಒಂದು ಪೆಟ್ಟಿಗೆ, ಯಾವ ಲೆಕ್ಕಕ್ಕೂ ಸಿಗದ ವಸ್ತುಗಳಿಗೆ ಮೂರನೆಯ ರ‍್ಯಾಕು. ಇವೆಲ್ಲದರ ನಡುವೆ ಒಂದು ಕಂಪ್ಯೂಟರು, ಕಂಪ್ಯೂಟರಿನ ಹಿಂದೆ ಆಗುತ್ತೆರಾಯರು.

ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಅದು ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಯಾರು ಏನೇ ಕೇಳಲಿ, ಕೇಳುವವರ ಮಾತು ಮುಗಿಯುವ ಮೊದಲೇ "ಆಗುತ್ತೆ" ಅಂದುಬಿಡುವುದು ಅವರ ಅಭ್ಯಾಸ. ಕಿಟಕಿಯ ಚಿಲಕ ಸರಿ ಮಾಡಲು ಆಗುತ್ತಾ? ಆಗುತ್ತೆ. ಚಿಲಕದ ಜೊತೆಗೆ ಕಿಟಕಿಯೂ ಕೈಗೆ ಬಂದಿತು ಅನ್ನುವುದು ಬೇರೆ ಮಾತು. ಆರು ವರ್ಷದ ಹಿಂದೆ "ನಮಗೊಂದು ವೆಬ್ ಪುಟ ಮಾಡೋಕಾಗುತ್ತಾ?" ಎಂದು ಮೇಲಿನವರು ಕೇಳಿದಾಗಲೂ ಅದೇ ಉತ್ತರ ಕೊಟ್ಟಿದ್ದರು. ಕೊಟ್ಟ ಮೇಲೆ ಇಟ್ಟಿಗೆಯಂಥ ಪುಸ್ತಕವೊಂದನ್ನು ತಂದು, ಓದಿ, ಅರ್ಧ ಅರ್ಥ ಮಾಡಿಕೊಂಡು, ನಿಜವಾಗಿಯೂ ಒಂದು ಪುಟ ಮಾಡಿಬಿಟ್ಟರು. ಪಿಎಚ್‌ಪಿ ಫ್ರೇಮ್‌ವರ್ಕ್ ಒಂದರ ಮೇಲೆ ಮಾಡಿದ್ದು. ಪಿಎಚ್‌ಪಿ ಎಂದರೆ ವೆಬ್ ಪುಟ ಬರೆಯುವ ಒಂದು ಕಂಪ್ಯೂಟರ್ ಭಾಷೆ. ಫ್ರೇಮ್‌ವರ್ಕ್ ಎಂದರೆ ಗೋಡೆ, ಸೂರು, ಬಾಗಿಲು ಎಲ್ಲ ಮೊದಲೇ ಇರುವ ಮನೆ. ನಾವು ಸಾಮಾನು ಇಟ್ಟುಕೊಂಡರೆ ಸಾಕು. ಆ ಪುಟದಲ್ಲಿ ಗುಂಡಿ ಒತ್ತಿದರೆ ಪರದೆ ಬೆಳ್ಳಗಾಗಿ, ನಿಧಾನಕ್ಕೆ ನಾಲ್ಕು ಎಣಿಸುವಷ್ಟು ಹೊತ್ತು ಹಾಗೇ ಇದ್ದು, ಮತ್ತೆ ಮೂಡುತ್ತಿತ್ತು. ಜನ ಅದಕ್ಕೆ ಹೊಂದಿಕೊಂಡಿದ್ದರು.

ಹೊಂದಿಕೊಳ್ಳದವರು ವಲಯಾಧಿಕಾರಿಗಳು. ಅವರು ಯಾವುದೋ ಸಭೆಯಲ್ಲಿ ಬೇರೆ ಇಲಾಖೆಯ ಪುಟವನ್ನು ನೋಡಿದ್ದರಂತೆ. ಅದು ಬೆಳ್ಳಗಾಗದೆ, ಕದಲದೆ, ಕೂತಲ್ಲೇ ಕೂತು ಕೆಲಸ ಮಾಡಿತಂತೆ. ಸೋಮವಾರ ಬೆಳಿಗ್ಗೆ ಸೂಪರಿಂಟೆಂಡೆಂಟ್ ಮೇಡಂ ಸುತ್ತೋಲೆಯೊಂದನ್ನು ಹಿಡಿದು ಆಗುತ್ತೆರಾಯರ ಮೇಜಿನ ಮುಂದೆ ನಿಂತರು. ನಿಯಮ ಪುಸ್ತಕ ಅವರ ಕಂಕುಳಲ್ಲಿ ಸದಾ ಇರುತ್ತಿತ್ತು. ಊಟಕ್ಕೆ ಹೋಗುವಾಗಲೂ ಇರುತ್ತಿತ್ತು.

"ಕೇಳಿ. 'ಇನ್ನು ಮುಂದೆ ವಿಭಾಗದ ಪುಟವು ಮಿಟುಕತಕ್ಕದ್ದಲ್ಲ.' ಆಗುತ್ತೇನ್ರಿ ಇದು?"

"ಆಗುತ್ತೆ ಮೇಡಂ. ಅದಕ್ಕೆ ಅಜಾಕ್ಸ್ ಅಂತಾರೆ. ಪುಟ ಅಲ್ಲೇ ಇರುತ್ತೆ, ಹಿಂದುಗಡೆಯಿಂದ ಒಬ್ಬ ಆಳು ಹೋಗಿ ಬೇಕಾದ್ದು ಮಾತ್ರ ತಂದ ಹಾಗೆ. ಅದರ ಲೈಬ್ರರಿ ಒಂದನ್ನ, ಅಂದ್ರೆ ಯಾರೋ ಬರೆದಿಟ್ಟ ಪ್ರೋಗ್ರಾಮಿನ ಕಟ್ಟನ್ನ, ತಂದು ನಮ್ಮ ಫ್ರೇಮ್‌ವರ್ಕ್‌ಗೆ ಜೋಡಿಸಿದ್ರೆ ಮುಗೀತು."

"ತರೋಕೆ ಗಾಡಿ ಬೇಕಾದ್ರೆ ಈಗಲೇ ಬರೆದುಕೊಡಿ. ಆಮೇಲೆ ಗಾಡಿ ಸಿಗಲಿಲ್ಲ ಅನ್ನಬೇಡಿ."

"ಗಾಡಿ ಬೇಡ ಮೇಡಂ. ತೂಕ ಇಲ್ಲ."

"ಎಷ್ಟು ದಿನ?"

"ಎರಡೇ ದಿನ."

ಎರಡು ದಿನ ಎಂಬ ಅಂಕಿ ಎಲ್ಲಿಂದ ಬಂತು ಎಂದು ರಾಯರಿಗೂ ತಿಳಿಯದು. ಅಷ್ಟು ಧೈರ್ಯದಿಂದ ಹೇಳಿದ ಮೇಲೆ ಹಿಂಜರಿಯುವುದು ಸರಿಯಲ್ಲವೆಂದು ಅವರು ಆಗಲೇ ಹಳೆಯ ಪುಟವನ್ನು ಕಿತ್ತುಹಾಕಿ, ಆ ಜಾಗದಲ್ಲಿ "ಪುಟ ದುರಸ್ತಿಯಲ್ಲಿದೆ, ಸಹಕರಿಸಿ" ಎಂದು ಹಾಕಿಬಿಟ್ಟರು.

ಹಾಕಿ ಹತ್ತು ನಿಮಿಷವೂ ಆಗಿರಲಿಲ್ಲ, ಕೌಂಟರಿನ ಮುಂದೆ ಗಡಿಯಾರದಯ್ಯ ಬಂದು ನಿಂತರು.

ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಬಾಗಿಲಗಲದ ಅಂಗಡಿ ಇಟ್ಟುಕೊಂಡು ಗಡಿಯಾರ ರಿಪೇರಿ ಮಾಡುತ್ತಿದ್ದ ಮನುಷ್ಯ ಇವರು. ಹತಾರಗಳನ್ನು ಸುತ್ತಿಟ್ಟ ಚರ್ಮದ ಸುರುಳಿಯನ್ನು ಹದಿನಾಲ್ಕನೆಯ ನಂಬರ್ ಬಸ್ಸಿನಲ್ಲಿ ಬಿಟ್ಟು ಇಳಿದಿದ್ದರು. ಇಪ್ಪತ್ತಾರು ದಿನ ಅಂಗಡಿ, ಮನೆ, ತಂಗಿಯ ಮನೆ, ಬೇರೆ ಎರಡು ಡಿಪೋ ಎಲ್ಲ ಜಾಲಾಡಿ, ಕೊನೆಗೆ ಇಲ್ಲಿಗೆ ಬಂದಿದ್ದರು. ಬಂದವರು ಬಾಯಿ ಬಿಡುವ ಮೊದಲೇ ಕೈ ಚಾಚಿದರು. ಮೂರನೆಯ ರ‍್ಯಾಕಿನ ನಡುವಿನ ಹಲಗೆಯ ಮೇಲೆ ಸುರುಳಿ ಕಾಣುತ್ತಿತ್ತು. ಕೌಂಟರಿನಿಂದ ಅಲ್ಲಿಗೆ ಐದು ಹೆಜ್ಜೆ.

ಉಗ್ರಾಣದಕ್ಕ ಅದನ್ನು ತಂದು ಬಿಚ್ಚಿದಳು. ಆ ರ‍್ಯಾಕುಗಳ ನಡುವೆ ಹದಿನೇಳು ವರ್ಷ ಕಳೆದ ಹೆಂಗಸು ಅವಳು. ಸಾಮಾನಿನ ಮುಖ ನೋಡಿದರೆ ಯಜಮಾನನ ಮುಖ ಹೇಳಬಲ್ಲಳು.

"ಹನ್ನೊಂದು ಸ್ಕ್ರೂಡ್ರೈವರು," ಅಂದರು ಗಡಿಯಾರದಯ್ಯ ಕಣ್ಣು ಮುಚ್ಚಿಕೊಂಡು. "ಆರನೇದರ ಹಿಡಿ ಸೀಳಿದೆ, ದಾರ ಸುತ್ತಿದ್ದೀನಿ. ಚಿಮಟ ಎರಡು. ಕಣ್ಣಿಗಿಡೋ ಭೂತಗನ್ನಡಿ. ಮೂವತ್ತಾರು ವರ್ಷ ಆಯ್ತಮ್ಮ, ಹಿಡಿಗಳೆಲ್ಲ ನನ್ನ ಬೆರಳಿಗೆ ಸವೆದುಬಿಟ್ಟಿವೆ. ಎರವಲು ಹತಾರ ಹಿಡಿದ್ರೆ ಕೈ ನಡುಗುತ್ತೆ. ಇಪ್ಪತ್ತಾರು ದಿನದಿಂದ ಒಂದು ಗಡಿಯಾರ ಮುಟ್ಟಿಲ್ಲ ನಾನು."

ಎಲ್ಲ ಸರಿಹೋಯಿತು. ಉಗ್ರಾಣದಕ್ಕ ಕೊಡಲು ಕೈ ಎತ್ತಿದಳು. ಅಷ್ಟರಲ್ಲಿ ನಿಯಮ ಪುಸ್ತಕ ಬಂದು ಇಬ್ಬರ ಕೈಗಳ ನಡುವೆ ನಿಂತಿತು.

"ಕಾಗದದ ಅರ್ಜಿ ಹೋದ ತಿಂಗಳೇ ರದ್ದಾಗಿದೆ," ಅಂದರು ಮೇಡಂ. "ಪುಟದಲ್ಲಿ ಅರ್ಜಿ ಹಾಕಬೇಕು. ಅರ್ಜಿ ಬಂದ್ರೆ ಕೊಡ್ತೀವಿ."

"ಎಲ್ಲಿದೆ ಪುಟ?"

ಎಲ್ಲರೂ ಆಗುತ್ತೆರಾಯರ ಕಡೆ ನೋಡಿದರು. ರಾಯರು ಪರದೆಯ ಕಡೆ ನೋಡಿದರು. "ಸಹಕರಿಸಿ" ಅನ್ನುತ್ತಿತ್ತು ಪರದೆ.

"ಶುಕ್ರವಾರ ಐದು ಗಂಟೆಗೆ ಈ ವಸ್ತುವಿಗೆ ಮೂವತ್ತು ದಿನ ತುಂಬುತ್ತೆ," ಎಂದು ಮೇಡಂ ಪುಸ್ತಕ ನೋಡಿ ಓದಿದರು. "ಅಷ್ಟರೊಳಗೆ ವಾರಸುದಾರರು ಗೊತ್ತಾಗದೇ ಇದ್ರೆ ಶನಿವಾರ ಹರಾಜು."

ಗಡಿಯಾರದಯ್ಯ ರಾಯರ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದರು: "ಸ್ವಾಮಿ, ಶುಕ್ರವಾರದ ಒಳಗೆ ಆಗುತ್ತಾ?"

"ಆಗುತ್ತೆ," ಅಂದರು ರಾಯರು. ಹತ್ತೊಂಬತ್ತು ವರ್ಷದ ಸೇವೆಯಲ್ಲಿ ಮೊದಲ ಸಲ ಆ ಮಾತು ಆಡಿದ ಮೇಲೆ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ ನೋಡಿದರು.

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಲೈಬ್ರರಿ ಬಂತು, ಫ್ರೇಮ್‌ವರ್ಕಿನ ಒಳಗೆ ಕೂತಿತು. ರಾಯರು ತೋಳು ಮೇಲೇರಿಸಿ, ಹುಡುಕುವ ಜಾಗದಲ್ಲಿ "ಛತ್ರಿ" ಎಂದು ಬರೆದು ಗುಂಡಿ ಒತ್ತಿದರು. ಪರದೆ ಬೆಳ್ಳಗಾಗಲಿಲ್ಲ. ಸಂತೋಷಪಡಬೇಕು ಅನ್ನುವಷ್ಟರಲ್ಲಿ, ಛತ್ರಿಗಳ ಪಟ್ಟಿ ಬರಬೇಕಾಗಿದ್ದ ಸಣ್ಣ ಚೌಕದೊಳಗೆ ಇಡೀ ಪುಟವೇ ಬಂದು ಕೂತಿತು. ಮೇಲೆ ಸಂಸ್ಥೆಯ ಲಾಂಛನ, ಪಕ್ಕದಲ್ಲಿ ವಲಯಾಧಿಕಾರಿಗಳ ಭಾವಚಿತ್ರ, ಕೆಳಗೆ ದೂರವಾಣಿ ಸಂಖ್ಯೆ, ನಡುವೆ ಮತ್ತೊಂದು ಗುಂಡಿ. ರಾಯರು ಆ ಗುಂಡಿಯನ್ನು ಒತ್ತಿದರು. ಅದರೊಳಗೆ ಇನ್ನೊಂದು ಪುಟ, ಇನ್ನೊಬ್ಬ ವಲಯಾಧಿಕಾರಿ. ಹಟಕ್ಕೆ ಬಿದ್ದು ಒತ್ತುತ್ತಾ ಹೋದರು.

ಮೇಡಂ ಒಳಗೆ ಬಂದಾಗ ಪರದೆಯಲ್ಲಿ ಒಂಬತ್ತು ಮಂದಿ ವಲಯಾಧಿಕಾರಿಗಳಿದ್ದರು. ದೊಡ್ಡವರಿಂದ ಹಿಡಿದು ಕಡಲೆಕಾಳಿನಷ್ಟು ಚಿಕ್ಕವರ ತನಕ, ಎಲ್ಲರೂ ಮೇಡಂ ಅವರನ್ನೇ ದುರುಗುಟ್ಟಿ ನೋಡುತ್ತಿದ್ದರು. ಮೇಡಂ ತಮಗೆ ಗೊತ್ತಿಲ್ಲದೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತರು.

"ಒಬ್ಬರನ್ನೇ ಸಂಭಾಳಿಸೋಕಾಗ್ತಿಲ್ಲ ನನಗೆ," ಅಂದರು ಆಮೇಲೆ, ಪಿಸುದನಿಯಲ್ಲಿ. "ಒಂಬತ್ತು ಜನರನ್ನ ಯಾಕ್ರೀ ಕರೆಸಿದ್ರಿ?"

ರಾಯರು ತಲೆ ಮೇಲೆ ಕೈಹೊತ್ತು ಕೂತರು. ಉಗ್ರಾಣದಕ್ಕ ಛತ್ರಿಗಳ ಧೂಳು ಒರೆಸುತ್ತಾ ಇದನ್ನೆಲ್ಲ ನೋಡಿದಳು.

"ನೀವು ಛತ್ರಿ ತಾ ಅಂದ್ರೆ ನಾನು ಛತ್ರಿ ತರ್ತೀನಿ," ಅಂದಳು. "ನಿಮ್ಮ ಆ ಅಜಾಕ್ಸು ಗೋಡೆ ಸಮೇತ ಕಿತ್ಕೊಂಡು ಬರ್ತಾನಲ್ಲ. ಅವನಿಗೆ ಬರೀ ಛತ್ರಿ ತರೋಕೆ ಹೇಳಿದ್ದೀರೋ ಇಲ್ವೋ?"

ರಾಯರು ಕುರ್ಚಿಯಿಂದ ಎದ್ದೇಬಿಟ್ಟರು. ಹೇಳಿರಲಿಲ್ಲ! ಯಾರು ಏನು ಕೇಳಿದರೂ ಅದಕ್ಕೆ ತಲೆ, ಬಾಲ, ಲಾಂಛನ, ಭಾವಚಿತ್ರ ಎಲ್ಲವನ್ನೂ ಅಂಟಿಸಿ ಕಳಿಸುವುದು ಫ್ರೇಮ್‌ವರ್ಕಿನ ಪದ್ಧತಿ. ಅಜಾಕ್ಸ್ ಬಂದು ಕೇಳಿದಾಗ ಬರೀ ಪಟ್ಟಿ ಕೊಡು, ಮಿಕ್ಕಿದ್ದು ಬೇಡ ಎಂದು ಅದಕ್ಕೆ ತಿಳಿಸಬೇಕಿತ್ತು. ನಾಲ್ಕು ಸಾಲು ಬರೆದರು. ಒಂಬತ್ತರಲ್ಲಿ ಎಂಟು ಮಂದಿ ಅಧಿಕಾರಿಗಳು ಮಾಯವಾದರು. ಮೇಡಂ ಉಸಿರು ಬಿಟ್ಟರು.

"ಅಕ್ಕಾ, ನಿನ್ನ ಉಪಕಾರ ನಾನು ಮರೆಯಲ್ಲ," ಅಂದರು ರಾಯರು.

"ಮರೆತ್ರೂ ಪರವಾಗಿಲ್ಲ. ಮರೆತಿದ್ದೆಲ್ಲ ಕೊನೆಗೆ ನನ್ನ ಹತ್ತಿರಾನೇ ಬರುತ್ತೆ," ಅಂದು ಅವಳು ಇನ್ನೊಂದು ಛತ್ರಿ ಎತ್ತಿಕೊಂಡಳು.

ಬುಧವಾರ ಬೇರೊಂದು ಪೀಡೆ. ಹುಡುಕುವುದೇನೋ ಸರಿಹೋಯಿತು, ಅರ್ಜಿ ಕಳಿಸಹೋದರೆ ಫ್ರೇಮ್‌ವರ್ಕ್ ಒಳಕ್ಕೇ ಬಿಡಲಿಲ್ಲ. "ಅಪರಿಚಿತ ಕೋರಿಕೆ. ನಿರಾಕರಿಸಲಾಗಿದೆ" ಎಂದಿತು. ಆರು ವರ್ಷ ಸಾಕಿದ ಮನೆಯೇ ನಮ್ಮನ್ನು ಬಾಗಿಲಲ್ಲಿ ನಿಲ್ಲಿಸಿ ನೀನು ಯಾರು ಎಂದು ಕೇಳಿದರೆ ಯಾರಿಗೆ ತಾನೇ ನೋವಾಗದು? ರಾಯರು ಅದನ್ನು ಬೈದರು, ಬೇಡಿದರು, ಆರಿಸಿ ಹೊತ್ತಿಸಿದರು. ಗಡಿಯಾರದಯ್ಯ ಬೆಳಿಗ್ಗೆ ಹತ್ತಕ್ಕೊಮ್ಮೆ, ಮಧ್ಯಾಹ್ನ ಎರಡಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಬಂದು ಏನನ್ನೂ ಕೇಳದೆ ಸುರುಳಿಯನ್ನು ನೋಡಿಕೊಂಡು ಹೋಗುತ್ತಿದ್ದರು. ಅವರು ಕೇಳಿದ್ದರೆ ಎಷ್ಟೋ ವಾಸಿಯಿತ್ತು.

ಕೊನೆಗೆ ಕೈಹಿಡಿದದ್ದು ಪ್ರೋಗ್ರಾಮು ಬರೆಯುವವರು ಒಬ್ಬರ ಕಷ್ಟ ಒಬ್ಬರು ಹೇಳಿಕೊಳ್ಳುವ ಒಂದು ಅಂತರ್ಜಾಲ ತಾಣ. ಏಳು ವರ್ಷದ ಹಿಂದೆ ಯಾರೋ ಇದೇ ಗೋಳನ್ನು ಅಲ್ಲಿ ತೋಡಿಕೊಂಡಿದ್ದರು, ಮತ್ಯಾರೋ ಪುಣ್ಯಾತ್ಮರು ಎರಡೇ ಸಾಲಿನಲ್ಲಿ ಉತ್ತರ ಬರೆದಿದ್ದರು. ಫ್ರೇಮ್‌ವರ್ಕ್ ಪ್ರತಿ ಪುಟಕ್ಕೂ ಗುಟ್ಟಾಗಿ ಒಂದು ಗುರುತಿನ ಚೀಟಿ ಕೊಟ್ಟಿರುತ್ತದೆ. ಅಜಾಕ್ಸ್ ಹೋಗುವಾಗ ಆ ಚೀಟಿಯನ್ನು ಕೈಯಲ್ಲಿ ಹಿಡಿದು ಹೋಗಲಿ, ಅಷ್ಟೇ. ಚೀಟಿ ಕೊಟ್ಟು ಕಳಿಸಿದರು. ಬಾಗಿಲು ತೆರೆಯಿತು. ರಾಯರ ಕಣ್ಣು ತುಂಬಿ ಬಂತು. "ನೀವು ಯಾರೋ ಎಲ್ಲಿದ್ದೀರೋ ಗೊತ್ತಿಲ್ಲ, ನಿಮ್ಮ ಹೊಟ್ಟೆ ತಣ್ಣಗಿರಲಿ" ಎಂದು ಅದರ ಕೆಳಗೆ ಬರೆದರು. ಒಂದು ಗಂಟೆಯೊಳಗೆ ಮಾರುತ್ತರ ಬಂತು: "ಏಳು ವರ್ಷದಲ್ಲಿ ಎರಡು ಲಕ್ಷ ಜನ ಓದಿದ್ದಾರೆ. ಥ್ಯಾಂಕ್ಸ್ ಅಂದವರು ನೀವೇ ಮೊದಲು. ಮನೆಯಲ್ಲಿ ಎಲ್ಲ ಕ್ಷೇಮ ತಾನೇ?"

ಗುರುವಾರ ಹನ್ನೊಂದು ಗಂಟೆಗೆ ಹೊಸ ಪುಟ ಹೊರಬಂತು. ಕಾಯುವ ಕೋಣೆಯಲ್ಲಿ ಸಾರ್ವಜನಿಕರಿಗೆಂದು ಒಂದು ಕಂಪ್ಯೂಟರಿತ್ತು. ಗಡಿಯಾರದಯ್ಯ ಅದರ ಮುಂದೆ ಮೊದಲಿಗರಾಗಿ ಕೂತು, ಹೆಸರು, ಬೀದಿ, ಅಂಗಡಿ, ವಸ್ತು, ಗುರುತು ಎಲ್ಲವನ್ನೂ ಒಂದೇ ಬೆರಳಿನಲ್ಲಿ ಬರೆದು "ಅರ್ಜಿ ಸಲ್ಲಿಸಿ" ಎಂಬ ಗುಂಡಿಯನ್ನು ಒತ್ತಿದರು.

ಗೋಡೆಯ ಈಚೆ ಬದಿಯಲ್ಲಿ ಆಗುತ್ತೆರಾಯರು ಅಭಿನಂದನೆ ಸ್ವೀಕರಿಸುತ್ತಿದ್ದರು. "ನೋಡಿದ್ರಾ ಮೇಡಂ, ಪುಟ ಒಂದು ಕೂದಲೆಳೆಯಷ್ಟೂ ಅಲ್ಲಾಡಲ್ಲ." ಮೇಡಂ ಕೂಡ ನಕ್ಕರು. ಹತ್ತು ನಿಮಿಷವಾದ ಮೇಲೆ ಗಡಿಯಾರದಯ್ಯ ಬೆವರು ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ಕಾಣಿಸಿಕೊಂಡರು.

"ಸ್ವಾಮಿ, ಅದು ತುಟಿ ಪಿಟಕ್ ಅನ್ನಲ್ಲ. ಒತ್ತಿ ಒತ್ತಿ ಬೆರಳು ನೋವು ಬಂತು."

ರಾಯರು ಓಡಿಹೋಗಿ ಅರ್ಜಿಗಳ ಪಟ್ಟಿ ತೆರೆದರು. ಯಂತ್ರ ಎಲ್ಲವನ್ನೂ ಕೇಳಿಸಿಕೊಂಡಿತ್ತು. ಒಂದೊಂದು ಸಲವೂ ಕೇಳಿಸಿಕೊಂಡಿತ್ತು. ಒತ್ತಿದಷ್ಟೂ ಸಲ ಸದ್ದಿಲ್ಲದೆ ಹೋಗಿ, ಸದ್ದಿಲ್ಲದೆ ಬರೆದಿಟ್ಟು, ಸದ್ದಿಲ್ಲದೆ ಬಂದಿತ್ತು. ಮೊದಲೆಲ್ಲ ಪರದೆ ಬೆಳ್ಳಗಾದರೆ ಕೆಲಸ ನಡೆಯುತ್ತಿದೆ ಎಂದು ಜನರಿಗೆ ತಿಳಿಯುತ್ತಿತ್ತು. ಈಗ ಏನೂ ಆಗದ ಪುಟದ ಮುಂದೆ ಬಡಪಾಯಿ ಮನುಷ್ಯ ಮತ್ತೇನು ಮಾಡಿಯಾನು? ಚರ್ಮದ ಸುರುಳಿಗೆ ನಲವತ್ತೊಂದು ಅರ್ಜಿಗಳು ಬಂದಿದ್ದವು.

"ಸಂತೋಷ," ಅಂದರು ಮೇಡಂ. ಆದರೆ ಅವರ ಮುಖದಲ್ಲಿ ಸಂತೋಷವಿರಲಿಲ್ಲ. ಅವರು ಪುಸ್ತಕ ಬಿಚ್ಚಿದರು. "'ಒಂದೇ ವಸ್ತುವಿಗೆ ಒಂದಕ್ಕಿಂತ ಹೆಚ್ಚು ಅರ್ಜಿ ಬಂದಲ್ಲಿ ಅದನ್ನು ವಿವಾದಿತ ವಸ್ತುವೆಂದು ಪರಿಗಣಿಸಿ, ಎಲ್ಲ ಅರ್ಜಿದಾರರನ್ನೂ ಖುದ್ದಾಗಿ ಕರೆಸಿ ವಿಚಾರಣೆ ನಡೆಸತಕ್ಕದ್ದು.'"

"ಎಲ್ಲಾ ಇವರೊಬ್ಬರೇ ಮೇಡಂ!" ಅಂದಳು ಉಗ್ರಾಣದಕ್ಕ.

"ಅದನ್ನ ವಿಚಾರಣೆ ಹೇಳಬೇಕು, ನೀನಲ್ಲ. ನಲವತ್ತೊಂದು ಜನರಿಗೂ ಒಂದೇ ಹೆಸರು, ಒಂದೇ ಬೀದಿ, ಒಂದೇ ಅಂಗಡಿ ಅಂದ್ರೆ ಅನುಮಾನ ಜಾಸ್ತಿಯಾಗಬೇಕೋ ಕಡಿಮೆಯಾಗಬೇಕೋ?"

"ನಲವತ್ತನ್ನ ಅಳಿಸಿಬಿಡ್ತೀನಿ ಮೇಡಂ, ಒಂದು ನಿಮಿಷದ ಕೆಲಸ," ಅಂದರು ರಾಯರು.

"ಸಾರ್ವಜನಿಕ ದಾಖಲೆ ಅಳಿಸೋದಾ! ನೀವು ಈ ಮಾತು ಆಡಲಿಲ್ಲ, ನಾನು ಕೇಳಲಿಲ್ಲ. ನಾಳೆ ಮೂರು ಗಂಟೆಗೆ ವಿಚಾರಣೆ. ಅರ್ಜಿಗೊಂದರಂತೆ ನೋಟೀಸು ಬರೆದು, ನೀವೇ ಖುದ್ದಾಗಿ ಕೊಟ್ಟು ಬನ್ನಿ."

ಹೀಗೆ ಗುರುವಾರ ಸಂಜೆ ಐದೂವರೆಗೆ ಆಗುತ್ತೆರಾಯರು ನಲವತ್ತೊಂದು ನೋಟೀಸುಗಳ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಮಾರುಕಟ್ಟೆಯ ಹಿಂದಿನ ಬೀದಿಗೆ ಕಾಲಿಟ್ಟರು. ಅಂಗಡಿಯಲ್ಲಿ ಕೂತಿದ್ದ ಗಡಿಯಾರದಯ್ಯನ ಮುಂದಿನ ಮೇಜು ಖಾಲಿಯಾಗಿತ್ತು. ಗೋಡೆಯ ಗಡಿಯಾರಗಳೆಲ್ಲ ಒಂದೊಂದು ಹೊತ್ತು ತೋರಿಸುತ್ತಿದ್ದವು. ರಾಯರು ಮೊದಲನೆಯ ನೋಟೀಸು ಕೊಟ್ಟು ಸಹಿ ಹಾಕಿಸಿಕೊಂಡರು. ಎರಡನೆಯದು ಕೊಟ್ಟು ಸಹಿ ಹಾಕಿಸಿಕೊಂಡರು. ಹತ್ತನೆಯದರ ಹೊತ್ತಿಗೆ ಪಕ್ಕದಂಗಡಿಯ ದರ್ಜಿ ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡೇ ಬಂದ. ಇಪ್ಪತ್ತರ ಹೊತ್ತಿಗೆ ಇಸ್ತ್ರಿಯವಳು ಪೆಟ್ಟಿಗೆ ಆರಿಸಿ ಬಂದಳು. ಮೂವತ್ತರ ಹೊತ್ತಿಗೆ ಕ್ಷೌರಿಕ, ಅರ್ಧ ಗಡ್ಡ ಹೆರೆದ ಗಿರಾಕಿಯ ಸಮೇತ ಹಾಜರಾದ.

"ಒಂದು ನೋಟೀಸು ಬಂದ್ರೆ ತಪ್ಪು," ಎಂದು ದರ್ಜಿ ಎಲ್ಲರಿಗೂ ಕೇಳುವಂತೆ ಹೇಳಿದ. "ಎರಡು ಬಂದ್ರೆ ಅಪರಾಧ. ನಲವತ್ತೊಂದು ಅಂದ್ರೆ, ಅಯ್ಯನ್ನ ಮುಗಿಸೋಕೇ ಹೊರಟಿದ್ದಾರೆ!"

"ಏನ್ರೀ ಮಾಡಿದ್ರು ಅವರು? ಹೊತ್ತಿಗೆ ಸರಿಯಾಗಿ ಬದುಕಿದ ಮನುಷ್ಯ!" ಎಂದು ಇಸ್ತ್ರಿಯವಳು ರಾಯರ ಮೇಲೆ ಏರಿಬಂದಳು.

"ಇಲ್ಲಮ್ಮ, ಪುಟ ಮಿಟುಕದೆ ಇದ್ದಿದ್ದರಿಂದ..." ಎಂದು ರಾಯರು ಶುರುಮಾಡಿದರು. ಸುತ್ತ ನೋಡಿ, ಆ ವಿವರಣೆಗೆ ಇದು ಕಾಲವಲ್ಲವೆಂದು ಕಂಡು, ಕಾಲಿಗೆ ಬುದ್ಧಿ ಹೇಳಿದರು.

ಶುಕ್ರವಾರ ಮೂರು ಗಂಟೆಗೆ ಡಿಪೋದ ಊಟದ ಕೋಣೆಯಲ್ಲಿ ನಲವತ್ತೊಂದು ಕುರ್ಚಿಗಳನ್ನು ಸಾಲಾಗಿ ಹಾಕಲಾಗಿತ್ತು. ಒಬ್ಬ ಮನುಷ್ಯನಿಗೆ ಇಷ್ಟು ಕುರ್ಚಿ ಯಾಕೆ ಎಂದು ರಾಯರು ಕೇಳುವ ಹೊತ್ತಿಗೆ ಗಡಿಯಾರದಯ್ಯ ಬಂದರು. ಅವರ ಹಿಂದೆ ದರ್ಜಿ, ಇಸ್ತ್ರಿಯವಳು, ಕ್ಷೌರಿಕ, ಈಗ ಪೂರ್ತಿ ಗಡ್ಡ ಹೆರೆಸಿಕೊಂಡ ಗಿರಾಕಿ, ಅವರ ಹಿಂದೆ ಇಡೀ ಬೀದಿ. ಒಟ್ಟು ಮೂವತ್ತೆರಡು ಜನ. ಅಯ್ಯನನ್ನು ಒಬ್ಬರನ್ನೇ ಸಿಂಹದ ಬಾಯಿಗೆ ಕಳಿಸುವುದಿಲ್ಲವೆಂದು ಅಂಗಡಿಗಳಿಗೆ ಬಾಗಿಲು ಹಾಕಿ ಬಂದಿದ್ದರು.

"ನೋಡಿದ್ರಾ?" ಅಂದರು ಮೇಡಂ, ಗೆದ್ದವರ ದನಿಯಲ್ಲಿ. "ಒಬ್ಬರೇ ಅಂದ್ರಲ್ಲ!" ಅವರು ಹಾಜರಿ ಹಾಳೆ ಮುಂದಿಟ್ಟರು. "ಎಲ್ಲರೂ ಇಲ್ಲಿ ಸಹಿ ಮಾಡಿ."

ಅಯ್ಯನಿಗಾಗಿ ಪ್ರಾಣ ಕೊಡಲು ಬಂದವರು ಸಹಿಗೆ ಹಿಂದೆಗೆಯುತ್ತಾರೆಯೇ? ಸರಸರನೆ ಮಾಡಿದರು. ಹಾಳೆಯ ತಲೆಬರಹ "ಹಾಜರಿದ್ದ ಅರ್ಜಿದಾರರು" ಎಂದಿತ್ತು. ಅದನ್ನು ಓದಿದವರು ರಾಯರು ಮಾತ್ರ. ಅವರು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಹಾಳೆಯನ್ನು ಎಳೆದುಕೊಂಡಿದ್ದರು.

ಮೇಡಂ ಮೊದಲು ದರ್ಜಿಯನ್ನು ಎಬ್ಬಿಸಿದರು.

"ಈ ಹತಾರಗಳು ನಿಮ್ಮವೇನು?"

"ನಮ್ಮ ಅಯ್ಯಂದು."

"ನಿಮ್ಮದಲ್ಲ ಅಂದ ಮೇಲೆ ಅರ್ಜಿದಾರ ಅಂತ ಯಾಕೆ ಸಹಿ ಮಾಡಿದ್ರಿ?"

"ನೀವು ಮಾಡಿ ಅಂದ್ರಿ."

"ಹಾಗಾದ್ರೆ ಹಕ್ಕು ಬಿಟ್ಟುಕೊಡ್ತೀರಾ?"

"ಅಯ್ಯನಿಗೋಸ್ಕರ ಏನು ಬೇಕಾದ್ರೂ ಬಿಟ್ಟುಕೊಡ್ತೀನಿ!"

ಕೋಣೆಯಲ್ಲಿ ಚಪ್ಪಾಳೆ ಬಿತ್ತು. ಹಕ್ಕು ಬಿಟ್ಟುಕೊಡುವ ನಮೂನೆಯ ನಲವತ್ತೊಂದು ಪ್ರತಿಗಳನ್ನು ಮೇಡಂ ತಂದಿಟ್ಟುಕೊಂಡಿದ್ದರು. ಒಬ್ಬೊಬ್ಬರಾಗಿ ಬಂದು ಸಹಿ ಹಾಕಿದರು. ಮೂವತ್ತೆರಡು ಮುಗಿದವು. ಬಾರದೆ ಉಳಿದ ಅರ್ಜಿದಾರರ ಪರವಾಗಿ, ಅವರ ಹೆಸರು ತಮ್ಮದೇ ಆಗಿರುವುದರಿಂದ, ಗಡಿಯಾರದಯ್ಯ ಸಹಿ ಮಾಡಬಹುದು ಎಂದು ಮೇಡಂ ಪುಸ್ತಕದಲ್ಲಿ ಒಂದು ದಾರಿ ಹುಡುಕಿಕೊಟ್ಟರು. ಅಯ್ಯ ಕೊಟ್ಟಿದ್ದಕ್ಕೆಲ್ಲ ಸಹಿ ಹಾಕಿದರು. ಒಂಬತ್ತು ನಮೂನೆಗಳು.

ಮೇಡಂ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಅವರ ಮುಖ ಬಿಳಿಚಿಕೊಂಡಿತು.

"ನಲವತ್ತೊಂದು," ಅಂದರು. "ನಲವತ್ತೊಂದೂ ವಾಪಸು. ವಿವಾದ ಮುಗೀತು." ಆಮೇಲೆ ತಮಗೇ ಬೇಡವಾದ ದನಿಯಲ್ಲಿ ಸೇರಿಸಿದರು: "ವಸ್ತುವಿಗೆ ಈಗ ಯಾರೂ ವಾರಸುದಾರರಿಲ್ಲ."

ಗಂಟೆ ನಾಲ್ಕೂ ಇಪ್ಪತ್ತೈದು. ಚಪ್ಪಾಳೆ ತಟ್ಟಿದ ಕೈಗಳು ಅಲ್ಲಲ್ಲೇ ನಿಂತವು. ಗಡಿಯಾರದಯ್ಯ ತಮ್ಮ ಬೆರಳುಗಳನ್ನು ನೋಡಿಕೊಂಡು ಮೆಲ್ಲನೆ ಕುರ್ಚಿಗೆ ಕುಸಿದರು. ರಾಯರಿಗೆ ಆ ಕ್ಷಣ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಇನ್ನು ಮೂವತ್ತೈದು ನಿಮಿಷ ಇದೆ," ಅಂದರು ಮೇಡಂ. ಈಗ ಅವರು ಪುಸ್ತಕವನ್ನು ಓದುತ್ತಿರಲಿಲ್ಲ, ಅದರೊಂದಿಗೆ ಜಗಳವಾಡುತ್ತಿದ್ದರು. "ಐದರೊಳಗೆ ಹೊಸದಾಗಿ ಒಂದು ಅರ್ಜಿ ಬಂದ್ರೆ ಕೊಡಬಹುದು. ಒಂದೇ ಒಂದು. ಎರಡಾದ್ರೆ ಮತ್ತೆ ವಿವಾದ."

ಎಲ್ಲರೂ ಕಾಯುವ ಕೋಣೆಗೆ ನುಗ್ಗಿದರು. ಅಯ್ಯ ಒಂದೇ ಬೆರಳಿನಲ್ಲಿ ಮತ್ತೆ ಹೆಸರು, ಬೀದಿ ಬರೆಯತೊಡಗಿದರು. ಬೆರಳು ಆಗಲೇ ಗುಂಡಿಯ ಕಡೆಗೆ ಜಾರುತ್ತಿತ್ತು. ಈ ಬೆರಳು ಒಂದು ಸಲ ಒತ್ತಿ ಸುಮ್ಮನಿರುವುದು ಸಾಧ್ಯವೇ ಇಲ್ಲವೆಂದು ರಾಯರಿಗೆ ಖಾತ್ರಿಯಾಯಿತು. "ನಾನು ಬರೋ ತನಕ ಗುಂಡಿ ಒತ್ತಬೇಡಿ" ಎಂದು ಹೇಳಿ ಅವರು ತಮ್ಮ ಕಂಪ್ಯೂಟರಿಗೆ ಓಡಿದರು. ಏನು ಮಾಡಬೇಕೆಂದು ಮಾತ್ರ ತೋಚಲಿಲ್ಲ. ಆಗ ಅವರ ಫೋನು ಬಡಿದುಕೊಂಡಿತು. ಹೆಂಡತಿ.

"ಬರ್ತಾ ಬಲ್ಬು ತರ್ತೀರಾ?"

ರಾಯರು ಪರದೆ ನೋಡುತ್ತಾ ಸುಮ್ಮನಿದ್ದರು.

"ಬಲ್ಬು ತರ್ತೀರಾ? ... ಕೇಳಿಸ್ತಾ? ಬಲ್ಬು! ... ರೀ, ಬಲ್ಬೂ ಅಂದೆ! ಒಂದು ಸಲ ಹೂಂ ಅಂದ್ರೆ ನಾನ್ಯಾಕೆ ಹತ್ತು ಸಲ ಬಡ್ಕೋತೀನಿ? ಸುಮ್ಮನೆ ಕೂತ್ರೆ ಕೇಳಿಸಿದೆ ಅಂತ ಹೇಗೆ ತಿಳ್ಕೊಳ್ಳಲಿ?"

"ಹೂಂ," ಅಂದರು ರಾಯರು. ಅಂದವರು ಹಾಗೇ ಕಣ್ಣು ಬಾಯಿ ಬಿಟ್ಟು ನಿಂತರು. "ಹೂಂ! ಅಷ್ಟೇ! ಪುಟ ಹೂಂ ಅನ್ನಬೇಕು! ನೀನು ದೇವರ ಹಾಗೆ ಬಂದೆ ಕಣೇ. ಥ್ಯಾಂಕ್ಸ್. ನಿಜವಾಗ್ಲೂ ಥ್ಯಾಂಕ್ಸ್."

"ರೀ," ಅಂದಳು ಹೆಂಡತಿ, ದನಿ ಬದಲಾಗಿತ್ತು. "ಎದೆ ಏನಾದ್ರೂ ನೋಯ್ತಿದೆಯಾ? ಅಲ್ಲೇ ಕೂತಿರಿ, ನಾನು ಹೊರಟೆ."

ರಾಯರ ಬೆರಳುಗಳು ಕೀಲಿಮಣೆಯ ಮೇಲೆ ಹಾರಿದವು. ಮೂರೇ ಸಾಲು. ಗುಂಡಿ ಒತ್ತಿದ ಕೂಡಲೇ ಗುಂಡಿ ಕಾಣೆಯಾಗಬೇಕು. ಅರ್ಜಿ ಸೇರಿದ ಸುದ್ದಿಯನ್ನು ಅಜಾಕ್ಸ್ ಹೊತ್ತು ತಂದಾಗ ಆ ಜಾಗದಲ್ಲಿ ಒಂದು ಮಾತು ಮೂಡಬೇಕು. ನಾಲ್ಕು ಐವತ್ತೊಂದಕ್ಕೆ ಅವರು ಕಾಯುವ ಕೋಣೆಗೆ ಹಾರಿಬಂದರು.

"ಅಯ್ಯಾ, ಪುಟ ಹೊಸದಾಗಿದೆ, ಇನ್ನೊಂದು ಸಲ ಬರೆಯಬೇಕು. ಕ್ಷಮಿಸಿಬಿಡಿ."

ಬೀದಿಯವರೆಲ್ಲ ಒಂದೊಂದು ಅಕ್ಷರಕ್ಕೂ ಉಸಿರು ಬಿಗಿಹಿಡಿದರು. ನಾಲ್ಕು ಐವತ್ತಾರಕ್ಕೆ ಅಯ್ಯ ಬೆರಳೆತ್ತಿದರು. ದರ್ಜಿ ಅವರ ಮಣಿಕಟ್ಟನ್ನು, ಇಸ್ತ್ರಿಯವಳು ಮೊಣಕೈಯನ್ನು ಹಿಡಿದುಕೊಂಡರು.

"ಒಂದೇ ಸಲ ಅಯ್ಯಾ. ಒತ್ತಿದ ತಕ್ಷಣ ನಾವು ಎಳ್ಕೋತೀವಿ."

ಒತ್ತಿದರು. ಎಳೆದುಕೊಂಡರು. ಪರದೆ ಬೆಳ್ಳಗಾಗಲಿಲ್ಲ, ಕದಲಲಿಲ್ಲ. ಆದರೆ ಗುಂಡಿ ಇದ್ದ ಜಾಗದಲ್ಲಿ ಒಂದು ಸಾಲು ಮೂಡಿತು: "ಹೂಂ. ನಿಮ್ಮ ಅರ್ಜಿ ಸೇರಿತು. ನಾನು ಕೇಳಿಸಿಕೊಂಡೆ."

ಮೇಡಂ ಓಡಿದ್ದನ್ನು ಆ ಡಿಪೋದಲ್ಲಿ ಯಾರೂ ನೋಡಿರಲಿಲ್ಲ. ಆವತ್ತು ನೋಡಿದರು. ನಿಯಮ ಪುಸ್ತಕವನ್ನು ಕುರ್ಚಿಯ ಮೇಲೆ ಎಸೆದು, ಮೊಹರು ತರಲು ಓಡಿ, ನಾಲ್ಕು ಐವತ್ತೆಂಟಕ್ಕೆ ಠಪ್ಪೆಂದು ಒತ್ತಿದರು. ಉಗ್ರಾಣದಕ್ಕ ಸುರುಳಿಯನ್ನು ಎದೆಗವಚಿಕೊಂಡು ಅವರ ಹಿಂದೆಯೇ ನಿಂತಿದ್ದಳು.

ಗಡಿಯಾರದಯ್ಯ ಸುರುಳಿಯನ್ನು ತೊಡೆಯ ಮೇಲೆ ಬಿಚ್ಚಿಕೊಂಡರು. ಹನ್ನೊಂದನ್ನೂ ಒಂದೊಂದಾಗಿ ಮುಟ್ಟಿದರು. ಆರನೆಯದನ್ನು ಎತ್ತಿ ಹಿಡಿದರು. ಕೈ ನಡುಗಲಿಲ್ಲ.

ಆಗುತ್ತೆರಾಯರು ಅವರ ಮುಂದೆ ಬಂದು ತಲೆತಗ್ಗಿಸಿ ನಿಂತರು. "ತಪ್ಪೆಲ್ಲ ನನ್ನದೇ ಅಯ್ಯಾ. ಸೋಮವಾರ ಹಳೇ ಪುಟ ಕೀಳದೆ ಇದ್ದಿದ್ರೆ ಸೋಮವಾರವೇ ನಿಮ್ಮ ಕೈಗೆ ಸಿಗ್ತಿತ್ತು. ಬೈಯಬೇಕು ಅಂದ್ರೆ ಬೈದುಬಿಡಿ."

"ಬೈಯೋದಾ?" ಗಡಿಯಾರದಯ್ಯ ಆಚೀಚೆ ನೋಡಿ, ಸ್ವಲ್ಪ ಸಂಕೋಚದಿಂದ ಹತ್ತಿರ ಕರೆದರು. "ಒಂದು ಉಪಕಾರ ಆಗಬೇಕು ಸ್ವಾಮಿ. ಆ ನಲವತ್ತೊಂದು ಜನರ ಪಟ್ಟಿ ಇದೆಯಲ್ಲ, ಅದರದ್ದೊಂದು ನಕಲು ಕೊಡಿ. ಈಗಿನ ಕಾಲದಲ್ಲಿ ಈ ಹಳೇ ಹತಾರ ಯಾರಿಗೆ ಬೇಕು, ಮಾರಿಬಿಡು ಅಂತ ಮನೇಲಿ ದಿನಾ ಹೇಳ್ತಾರೆ. ತೋರಿಸ್ತೀನಿ. ಹೆಸರು ಯಾರು ಓದ್ತಾರೆ, ಎಣಿಸ್ತಾರೆ ಅಷ್ಟೇ."

ರಾಯರು ಪಟ್ಟಿಯನ್ನು ಅಚ್ಚು ಮಾಡಿ ತಂದರು. ಎರಡು ಹಾಳೆ ಹಿಡಿಯಿತು. ಮೇಡಂ 'ಇಲ್ಲಿ ಕೊಡಿ' ಎಂದು ಇಸಿದುಕೊಂಡು, ಯಾವ ನಿಯಮವನ್ನೂ ನೋಡದೆ, ಎರಡಕ್ಕೂ ಮೊಹರು ಹಾಕಿಕೊಟ್ಟರು.